ತವರಿಗೆ ಹೋದ ಕೆಂಪು

ಜನವರಿ ೬

ಪ್ರೀತಿಯ ಅತ್ತೆ,

ನಾನು ನಮ್ಮೂರಿಗೆ ಬಂದು ನಾಲ್ಕು ದಿನವಾಯಿತು. ಮುಚ್ಚಿರುವ ಟೈಲರ್ ಅಂಗಡಿಯ ಮೇಲಿನ ಕೋಣೆಯನ್ನು ಕಂಪನಿಯವರು ನನಗಾಗಿ ಹಿಡಿದಿದ್ದಾರೆ. ಕಿಟಕಿ ತೆರೆದರೆ ನಿಮ್ಮ ಬಣ್ಣದ ಕಾರ್ಖಾನೆ ಕಾಣುತ್ತದೆ. ಕಾಣುತ್ತದೆ ಎಂದರೆ, ಅದು ಇದ್ದ ಜಾಗ ಕಾಣುತ್ತದೆ. ಚಿಮಣಿ ಇಲ್ಲ. ದೊಡ್ಡ ಹಾಲಿಗೆ ಚಾವಣಿ ಇಲ್ಲ, ನಾಲ್ಕು ಗೋಡೆಗಳು ಆಕಾಶವನ್ನು ಹಿಡಿದುಕೊಂಡು ನಿಂತಿವೆ. ನೆಲದ ತಗ್ಗುಗಳಲ್ಲಿ ನಿಂತ ನೀರು ಒಂದು ಕಡೆ ತೆಳು ನೇರಳೆ, ಇನ್ನೊಂದು ಕಡೆ ಹಸಿರು. ನಿನ್ನೆ ಮಧ್ಯಾಹ್ನ ಒಂದು ಬಿಳಿ ಹಕ್ಕಿ ಬಂದು ನೇರಳೆ ನೀರನ್ನು ನೋಡಿತು, ಕುಡಿಯಲಿಲ್ಲ. ಹಸಿರು ನೀರಿನ ಹತ್ತಿರ ಹೋಗಿ ಅದನ್ನೂ ನೋಡಿ ಹಾರಿಹೋಯಿತು. ನನ್ನ ಕೆಲಸವನ್ನು ಅದು ನನಗಿಂತ ಬೇಗ ಮುಗಿಸಿತು.

ಆ ಕೆಲಸ ಏನೆಂದು ನೀವು ಪ್ರತಿ ಸಲ ಕೇಳುತ್ತೀರಿ, ನಾನು ಪ್ರತಿ ಸಲ ತೊದಲುತ್ತೇನೆ. ಈ ಸಲ ಸರಿಯಾಗಿ ಬರೆಯುತ್ತೇನೆ. ಕಾರ್ಖಾನೆ ಮುಚ್ಚಿ ಇಪ್ಪತ್ತೆರಡು ವರ್ಷವಾದರೂ ಅದರ ವಿಷ ನೆಲದೊಳಗೇ ಇದೆ. ಎಲ್ಲಿ, ಎಷ್ಟು ಆಳಕ್ಕೆ ಇಳಿದಿದೆ ಎಂದು ಕೊರೆದು ನೋಡುವುದು, ಕೆಟ್ಟ ಮಣ್ಣನ್ನು ತೆಗೆಸಿ ಒಳ್ಳೆಯ ಮಣ್ಣು ತುಂಬಿಸುವುದು, ಕೊನೆಗೆ 'ಇಲ್ಲಿ ಜನ ವಾಸಿಸಬಹುದು' ಎಂದು ಸಹಿ ಹಾಕುವುದು. ಆ ಸಹಿ ನನ್ನದು, ಜೂನ್ ಮುಗಿಯುವುದರೊಳಗೆ. ಪಶ್ಚಿಮದ ಗೋಡೆಯ ಪಕ್ಕದಲ್ಲಿ ಹಳೆಯ ಕೆಲಸಗಾರರಿಗೆಂದು ಹನ್ನೆರಡು ಮನೆಗಳು ಏಳುತ್ತವೆ. ನೀವು ಅರ್ಜಿ ಹಾಕಿ ಕಾಯುತ್ತಿರುವುದು ಅವುಗಳಿಗೇ. ನಮ್ಮತ್ತೆಯೂ ಅರ್ಜಿದಾರರು ಎಂದು ಮ್ಯಾನೇಜರಿಗೆ ಮೊದಲೇ ಹೇಳಿದ್ದೇನೆ. ಚೀಟಿ ಎತ್ತುವವರು ಊರಿನ ಕಚೇರಿಯವರು, ನಾನಲ್ಲ.

ಇಡೀ ಜಾಗವನ್ನು ಒಂದೇ ಸಮ ಕೊರೆಯುವುದಿಲ್ಲ. ಕೆಟ್ಟದ್ದನ್ನು ಸುರಿದಿದ್ದಾರೆ ಎಂದು ಗೊತ್ತಿರುವ ಕಡೆ ಹತ್ತಿರ ಹತ್ತಿರ, ಉಳಿದ ಕಡೆ ದೂರ ದೂರ. ಕಾರ್ಖಾನೆಯ ಕಾಗದಪತ್ರ ಒಂದೂ ಉಳಿದಿಲ್ಲ, ಹಾಗಾಗಿ ಹಳೆಯವರ ನೆನಪೇ ನಕ್ಷೆ. ಅಪ್ಪ ಇದ್ದಿದ್ದರೆ ಬಾಯ್ಲರ್ ಪಕ್ಕ ನಿಂತು ಎಲ್ಲ ತೋರಿಸುತ್ತಿದ್ದರೇನೋ. ನನ್ನನ್ನು ಏಳನೇ ವರ್ಷಕ್ಕೇ ಹಾಸ್ಟೆಲಿಗೆ ಹಾಕಿದರು. ಈ ಗೇಟಿನೊಳಗೆ ನಾನು ಕಾಲಿಟ್ಟಿದ್ದೇ ಮೊನ್ನೆ.

ನೀವು ಇಪ್ಪತ್ತೊಂಬತ್ತು ವರ್ಷ ಅಲ್ಲಿ ಬಣ್ಣ ನೋಡಿದವರು. ಸರಿಬಾರದ ಬಣ್ಣ ಏನಾಗುತ್ತಿತ್ತು? ಫೋನಿನಲ್ಲಿ ಬೇಡ, ನಿಧಾನವಾಗಿ ಬರೆದು ಕಳಿಸಿ.

ನಿಮ್ಮ
ಗುಬ್ಬಿ


ಜನವರಿ ೧೫

ಗುಬ್ಬಿ,

ನಿನ್ನ ಕಾಗದ ಬಂತು. ಓದಿ ಹೇಳುತ್ತೇನೆ ಎಂದು ನಿನ್ನತ್ತಿಗೆ ಕೈ ಚಾಚಿದಳು, ಕೊಡಲಿಲ್ಲ. ಮಗಳ ಈ ಮನೆಯಲ್ಲಿ ನನ್ನದು ಅಂತ ಬರುವುದು ಇದೊಂದೇ. ಫೋನು ಬೇಡ ಅಂದದ್ದು ಒಳ್ಳೆಯದಾಯಿತು. ಕಲಸುವ ಯಂತ್ರದ ಸದ್ದು ತಿಂದ ಕಿವಿ ಇದು. ಅರ್ಧ ಕೇಳುತ್ತದೆ, ಉಳಿದರ್ಧ ನಾನೇ ಕಟ್ಟಿಕೊಳ್ಳುತ್ತೇನೆ.

ನಾನು ಚೆನ್ನಾಗಿದ್ದೇನೆ. ಹಾಲಿನ ಸೋಫಾವೇ ನನ್ನ ಕೋಣೆ. ಬೆಳಿಗ್ಗೆ ಅಳಿಯಂದಿರು ಬಾಗಿಲು ತೆರೆದು ಬರುವಷ್ಟರಲ್ಲಿ ಮಡಚಿ ಇಟ್ಟಿರಬೇಕು, ಹಾಸಿಗೆಯನ್ನೂ, ನನ್ನನ್ನೂ. ಯಾರೂ ಏನೂ ಅನ್ನುವುದಿಲ್ಲ, ತಪ್ಪು ತಿಳಿಯಬೇಡ. ಅನ್ನದೇ ಇರುವುದರಲ್ಲೇ ಎಲ್ಲರಿಗೂ ಸುಸ್ತಾಗಿದೆ. ಕಣ್ಣಿಗೆ ಪೊರೆ ಬಂದಿದೆ. ಲೋಕದ ಮೇಲೆಲ್ಲ ಯಾರೋ ಚಹಾ ಚೆಲ್ಲಿದ ಹಾಗೆ ಕಾಣುತ್ತದೆ.

ಕಾರ್ಖಾನೆಯ ಬಗ್ಗೆ ಏನು ಬರೆಯಲಿ? ಉತ್ತರದ ಕಿಟಕಿಯ ಹತ್ತಿರ ನನ್ನ ಮೇಜು. ಹತ್ತು ಗಂಟೆಯಿಂದ ಎರಡರವರೆಗಿನ ಬೆಳಕು ಮಾತ್ರ ನಿಜ ಹೇಳುತ್ತದೆ, ಆಮೇಲಿನದು ಬೆಣ್ಣೆ ಹಚ್ಚುತ್ತದೆ. ಪ್ರತಿ ಬ್ಯಾಚಿನ ಬಣ್ಣದಲ್ಲಿ ಒಂದು ಲಡಿ ನೂಲು ಅದ್ದಿ ತರುತ್ತಿದ್ದರು. ಹಳೆಯ ಮಾದರಿಯ ಪಕ್ಕ ಹಿಡಿದು ಹೌದು ಅಥವಾ ಅಲ್ಲ ಅನ್ನುವುದು ನನ್ನ ಕೆಲಸ. ಎಲ್ಲರೂ ನನ್ನನ್ನು ಕಿಟಕಿಯಮ್ಮ ಅನ್ನುತ್ತಿದ್ದರು. ಕೆಲಸ ಬಿಟ್ಟು ಹೊರಟರೆ ಅಂಗೈ ನೋಡಿ ಯಾವ ವಿಭಾಗದವರು ಅಂತ ಹೇಳಬಹುದಿತ್ತು. ಬೀದಿ ತುಂಬ ನೀಲಿ ಕೈಗಳು, ಹಳದಿ ಕೈಗಳು, ಬೀಸಿಕೊಂಡು ಹೋಗುತ್ತಿದ್ದವು. ಈಗಲೂ ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದರೆ ಆ ಬೀದಿಯಲ್ಲಿ ಇರುತ್ತೇನೆ. ಕೈಗಳಷ್ಟೇ ತೇಲಿಕೊಂಡು ಬರುತ್ತವೆ, ಮುಖ ಕಾಣುವುದಿಲ್ಲ. ಆದರೂ ಎಲ್ಲರೂ ಗೊತ್ತು.

ನೀಲಿ ನಮ್ಮಲ್ಲಿ ಕೆಡುತ್ತಿರಲಿಲ್ಲ. ಹಳದಿ ಕೆಟ್ಟರೆ ಇನ್ನೊಂದಕ್ಕೆ ಬೆರೆಸುತ್ತಿದ್ದರು. ಕೆಂಪು ಮಾತ್ರ ಹಟಮಾರಿ. ಅದರ ಮೂಲ ಸರಕು ದೊಡ್ಡ ಕಂಪನಿಯಿಂದ ರೈಲಿನಲ್ಲಿ ಬರುತ್ತಿತ್ತು, ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇಲ್ಲ. ಸರಿಬಾರದ ಕೆಂಪೆಲ್ಲ ತವರಿಗೆ ಹೋಗುತ್ತಿತ್ತು. ನಾನು ಕಿಟಕಿಯಿಂದ ತಲೆ ಹಾಕಿ 'ಇವಳನ್ನ ತವರಿಗೆ ಬಿಟ್ಟು ಬಾ!' ಅಂತ ಕೂಗಿದರೆ ಗಾಡಿಯಣ್ಣ ಡ್ರಮ್ಮನ್ನು ತಳ್ಳುಗಾಡಿಗೆ ಏರಿಸಿಕೊಂಡು ಹೋಗುತ್ತಿದ್ದ. ಹೆಂಗಸರೆಲ್ಲ ನಗುತ್ತಿದ್ದರು.

ಹೊಟ್ಟೆಗೆ ಸರಿಯಾಗಿ ತಿನ್ನು.

ಅತ್ತೆ


ಫೆಬ್ರವರಿ ೨

ಪ್ರೀತಿಯ ಅತ್ತೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೆಂಪಿನ ವಿಷಯ ತಿಳಿಸಿದ್ದು ದೊಡ್ಡ ಉಪಕಾರವಾಯಿತು, ಪಶ್ಚಿಮದ ಕಡೆಯ ಕೆಲಸ ಎಷ್ಟೋ ಹಗುರವಾಯಿತು. ಅಲ್ಲಿಯ ಮಣ್ಣು ಲ್ಯಾಬಿಗೆ ಹೋಗಿ ಚೊಕ್ಕವೆಂದು ಬಂದೂ ಆಯಿತು.

ಈಗ ಹೆಚ್ಚು ಹೊತ್ತು ಪೂರ್ವದಲ್ಲಿರುತ್ತೇನೆ. ಮಣ್ಣನ್ನು ಕೊಳವೆಯಲ್ಲಿ ಮೇಲೆತ್ತಿ, ಉದ್ದುದ್ದ ಮಲಗಿಸಿ, ಸೀಳಿ ನೋಡುತ್ತೇವೆ. ಮೇಲೆ ಇಟ್ಟಿಗೆಯ ಚೂರು, ಅದರ ಕೆಳಗೆ ಬೂದಿ, ಅದರ ಕೆಳಗೆ ಯಾರೂ ನಿರೀಕ್ಷಿಸದ, ಸೋರಿ ಇಳಿದ ಒಂದು ನೀಲಿ ಗೆರೆ. ಆ ನೀಲಿಯ ಹೆಸರು ನನಗೆ ಗೊತ್ತು, ಅದು ಏನು ಕೆಡಿಸುತ್ತದೆ ಎಂದೂ ಗೊತ್ತು. ಆದರೂ ನೋಡುತ್ತ ಕೂತುಬಿಡುತ್ತೇನೆ. ಇದು ನನ್ನಲ್ಲಿರುವ ದೋಷವೇ ಎಂದು ಒಮ್ಮೊಮ್ಮೆ ಕೇಳಿಕೊಳ್ಳುತ್ತೇನೆ.

ಗಾಡಿಯಣ್ಣನನ್ನು ಚಹಾದ ಅಂಗಡಿಯಲ್ಲಿ ಹಿಡಿದೆ. ಎಂಬತ್ತರ ಹತ್ತಿರ, ಆದರೆ ಬೆನ್ನು ನೆಟ್ಟಗಿದೆ.

"ನೀವು ತಳ್ತಿದ್ದ ಡ್ರಮ್ಮುಗಳು ಎಲ್ಲಿಗೆ ಹೋಗ್ತಿದ್ವು?" ಎಂದೆ.

"ತಳ್ಳೋನಿಗೆ ಮುಂದಿರೋ ಡ್ರಮ್ಮು ಬಿಟ್ಟು ಇನ್ನೇನು ಕಾಣುತ್ತೆ ತಾಯಿ?"

"ದಾರಿ ಕಾಣಲ್ವಾ?"

"ದಾರೀನ ಕಾಲು ನೋಡ್ಕೊಳ್ಳುತ್ತೆ. ಅದಿರ್ಲಿ, ಮನೆ ಚೀಟಿ ಎತ್ತೋದು ಯಾವತ್ತು?"

ಮತ್ತೇನು ಕೇಳಿದರೂ ನೆನಪಿಲ್ಲ ಎಂದರು. ಪ್ಯಾಕೆಟ್ಟುಗಟ್ಟಲೆ ಬಿಸ್ಕತ್ತು ಮಾತ್ರ ನನ್ನ ಲೆಕ್ಕದಲ್ಲಿ ತಿಂದರು.

ಪೊರೆಯನ್ನು ಬೇಗ ತೆಗೆಸಿಕೊಳ್ಳಿ. ಬಣ್ಣ ನೋಡಿದ ಕಣ್ಣಿಗೆ ಹಾಗಾಗಬಾರದು.

ಗುಬ್ಬಿ


ಫೆಬ್ರವರಿ ೨೦

ನನ್ನ ಗುಬ್ಬಿ,

ಮನೆ ಸಿಕ್ಕಿತು! ಏಳನೇ ನಂಬರು. ಕಚೇರಿಯ ಕಾಗದ ಬಂದಾಗ ನಿನ್ನತ್ತಿಗೆ ಓದಿ, "ಅಮ್ಮ, ನಿಂದೇ ಹೆಸರು" ಎಂದಳು. ಆಮೇಲೆ ಇಬ್ಬರೂ ಅಡುಗೆಮನೆಗೆ ಹೋದೆವು. ಅವಳಿಗೂ ಹಗುರಾಯಿತು. ಅದು ಅವಳ ಬೆನ್ನು ನೋಡಿಯೇ ಗೊತ್ತಾಯಿತು, ಬೇಜಾರೇನಿಲ್ಲ.

ನನಗೆ ಹೆಚ್ಚೇನೂ ಬೇಡ. ಒಳಗಿನಿಂದ ಬಾಗಿಲು ಹಾಕಿಕೊಂಡಿರಬೇಕು, ಯಾರಾದರೂ ತಟ್ಟಬೇಕು, ನಾನು ಕೂತಲ್ಲಿಂದಲೇ "ಯಾರು?" ಅನ್ನಬೇಕು. ಅಷ್ಟೇ. ಹದಿನಾಲ್ಕು ವರ್ಷವಾಯಿತು ನಾನು "ಯಾರು" ಅಂದು.

ಎಂಟನೇ ನಂಬರು ಗಾಡಿಯಣ್ಣನಿಗಂತೆ. ಅವನ ಗೊರಕೆಗೆ ಗೋಡೆ ಎಷ್ಟು ದಪ್ಪ ಕಟ್ಟುತ್ತಾರೆ ಕೇಳಿ ನೋಡು.

ನಿನ್ನೆ ಹಗಲುಗನಸಿನಲ್ಲಿ ಆ ಮನೆಯೊಳಗೆ ನಡೆದೆ. ಗೋಡೆಗಳಿಗೆ ಇನ್ನೂ ಬಣ್ಣ ಬಳಿದಿರಲಿಲ್ಲ. ನಾನು ಯಾವ ಕಡೆ ನೋಡುತ್ತೇನೋ ಆ ಗೋಡೆ ಮೆಲ್ಲಗೆ ತಿಳಿಯಾಗುತ್ತಿತ್ತು, ನೀರಿನ ಆಚೆ ಇದ್ದ ಹಾಗೆ. ನೀನು ಚೊಕ್ಕ ಮಾಡಿದ ಜಾಗ ಅಂದಮೇಲೆ ನನಗೇನು ಭಯ?

ಅತ್ತೆ


ಮಾರ್ಚ್ ೪

ಪ್ರೀತಿಯ ಅತ್ತೆ,

ಏಳನೇ ನಂಬರಿನ ಯಜಮಾನಿಗೆ ನಮಸ್ಕಾರ!

ನಿಮ್ಮ ಸಂತೋಷದ ನಡುವೆ ಒಂದು ಸಣ್ಣ ಕೆಲಸ. ನನ್ನ ರಿಪೋರ್ಟಿನಲ್ಲಿ ನಿಮ್ಮ ಹೇಳಿಕೆಯೂ ಇದೆ. ಆ ಒಂದು ಪುಟವನ್ನು ಕನ್ನಡದಲ್ಲೇ ಬರೆಸಿ ಇದರ ಜೊತೆ ಇಟ್ಟಿದ್ದೇನೆ. ಓದಿ, ಕೆಳಗೆ ಸಹಿ ಮಾಡಿ ಕಳಿಸಿ. ಅದರಲ್ಲಿರುವುದು ಇಷ್ಟೇ: 'ಇಪ್ಪತ್ತೊಂಬತ್ತು ವರ್ಷ ಬಣ್ಣ ಪರೀಕ್ಷಕರಾಗಿದ್ದ ಮಾಜಿ ಕೆಲಸಗಾರರೊಬ್ಬರ ಪ್ರಕಾರ, ಗುಣಮಟ್ಟ ತಪ್ಪಿದ ಕೆಂಪು ಬಣ್ಣವನ್ನು ಸರಕು ಪೂರೈಸಿದ ಮೂಲ ಕಂಪನಿಗೇ ಹಿಂದಿರುಗಿಸಲಾಗುತ್ತಿತ್ತು. ಆದ್ದರಿಂದ ಖಾಲಿ ನೆಲವಾಗಿದ್ದ ಪಶ್ಚಿಮ ಭಾಗದಲ್ಲಿ ಬಣ್ಣವನ್ನು ಹೂತಿರುವ ಸಾಧ್ಯತೆ ಇಲ್ಲ. ಅಲ್ಲಿ ಎರಡು ಕಡೆ ಮಾತ್ರ ಕೊರೆದು ನೋಡಲಾಗಿದೆ.'

ಕಂಪನಿಯನ್ನು ತವರು ಎಂದದ್ದು ನನಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ರಿಪೋರ್ಟಿನಲ್ಲಿ ಹಾಕಬೇಕೆನ್ನಿಸಿತ್ತು. ಮ್ಯಾನೇಜರ್ ಕವಿತೆ ಬೇಡ ಎಂದರು.

ಗುಬ್ಬಿ


ಏಪ್ರಿಲ್ ೧೧

ಗುಬ್ಬಿ,

ಬರೆಯಲು ತಡವಾಯಿತು. ಇಲ್ಲಿ ಮೋಡ ಕವಿದಿದೆ. ಐದನೇ ಮಹಡಿಯಲ್ಲವೇ, ಕೆಲವು ದಿನ ಬೆಳಿಗ್ಗೆ ಕೆಳಗಿನ ಬೀದಿಯೇ ಇರುವುದಿಲ್ಲ. ಬಸ್ಸಿನ ಸದ್ದು ಮಾತ್ರ ಹತ್ತಿಯೊಳಗಿಂದ ಬಂದ ಹಾಗೆ ಬರುತ್ತದೆ. ಕಣ್ಣಿನ ಡಾಕ್ಟರು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ಸಹಿ ಮಾಡುವಷ್ಟು ಕಣ್ಣು ಕಾಣುವುದಿಲ್ಲ.

ಸಹಿ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆಯೇ? ಸುಮ್ಮನೆ ಕೇಳಿದೆ.

ಅತ್ತೆ


ಏಪ್ರಿಲ್ ೨೦

ಪ್ರೀತಿಯ ಅತ್ತೆ,

ಇಲ್ಲ, ಏನೂ ನಿಲ್ಲುವುದಿಲ್ಲ. ನಿಮ್ಮ ಜನವರಿಯ ಪತ್ರವೇ ಕಡತದಲ್ಲಿದೆ, ಅದೇ ಸಾಕು. ನಿಮಗೆ ಆಪರೇಷನ್ನಿನ ಹೆದರಿಕೆ ಎಂದು ಕಾಣುತ್ತದೆ. ಅಕ್ಷರದಲ್ಲೇ ಗೊತ್ತಾಗುತ್ತಿದೆ. ಹತ್ತು ನಿಮಿಷದ ಕೆಲಸವಂತೆ, ಭಯ ಬೇಡ.

ಮನೆಗಳ ಗೆರೆಗಳನ್ನು ಸುಣ್ಣದ ಪುಡಿಯಲ್ಲಿ ಎಳೆದಿದ್ದಾರೆ. ಹುಲ್ಲಿನ ಮೇಲೆ ಹನ್ನೆರಡು ಬಿಳಿ ಚೌಕಗಳು. ಗೋಡೆ ಇಲ್ಲ, ಬಾಗಿಲು ಇಲ್ಲ, ಗಾಳಿ ಒಂದು ಮನೆಯಿಂದ ಇನ್ನೊಂದಕ್ಕೆ ಹೇಳದೆ ಕೇಳದೆ ಹೋಗಿಬರುತ್ತದೆ. ನಿನ್ನೆ ನಿಮ್ಮ ಅಡುಗೆಮನೆಯಲ್ಲಿ ಕೂತು ಊಟ ಮಾಡಿದೆ. ಪಕ್ಕದ ಓಣಿಯ ಹುಡುಗಿಯರು ಅದಾಗಲೇ ಬಂದು ಸೇರಿದ್ದಾರೆ, ಒಬ್ಬೊಬ್ಬಳದು ಒಂದೊಂದು ಚೌಕ. ಎಂಟನೆಯದರಲ್ಲಿದ್ದ ಪುಟ್ಟವಳು ಒದ್ದೆ ಮಣ್ಣು ಕಲಸಿ, ಎಲೆಯ ಮೇಲೆ ಬಡಿಸಿ ತಂದಳು.

"ಆಂಟಿ, ತಿನ್ನಿ."

"ಉಪ್ಪು ಕಡಿಮೆಯಾಗಿದ್ರೆ?" ಎಂದೆ.

ಅವಳು ಬೆರಳಿನಿಂದ ಮುಟ್ಟಿ ನಾಲಗೆಗೆ ಇಟ್ಟುಕೊಂಡು, "ಸರಿಯಾಗಿದೆ" ಎಂದಳು.

ತಟ್ಟನೆ ಅವಳ ಕೈ ಹಿಡಿದೆ. ಆಮೇಲೆ, ಇದು ಪಶ್ಚಿಮ, ಇಲ್ಲಿ ಏನೂ ಇಲ್ಲ ಎಂದು ನೆನಪಾಯಿತು. ಪೂರ್ವದಲ್ಲಾಗಿದ್ದರೆ ಅವಳನ್ನು ಎತ್ತಿಕೊಂಡು ನಲ್ಲಿಗೆ ಓಡುತ್ತಿದ್ದೆ.

ಗುಬ್ಬಿ


ಮೇ ೯

ಗುಬ್ಬಿ,

ತವರು ಅಂದರೆ ಕಂಪನಿ ಅಲ್ಲ. ಗುಂಡಿ.

ಮೊದಲು ಇದನ್ನು ಬರೆದುಬಿಟ್ಟೆ, ಇಲ್ಲದಿದ್ದರೆ ಮೋಡದ ಸುದ್ದಿ ಬರೆದು ಮುಗಿಸುತ್ತಿದ್ದೆ. ಪಶ್ಚಿಮದ ಗೋಡೆಯ ಹತ್ತಿರ ಒಂದು ದೊಡ್ಡ ಗುಂಡಿ ತೋಡಿದ್ದರು. ಸರಿಬಾರದ ಕೆಂಪನ್ನು ಡ್ರಮ್ಮು ಸಮೇತ ಅಲ್ಲಿಗೆ ಒಯ್ದು ಸುರಿಯುತ್ತಿದ್ದರು, ಕೊನೆಯ ಹನ್ನೊಂದು ವರ್ಷ. ಬಣ್ಣ ಸರಿಯಿಲ್ಲ ಅಂತ ಗಂಡನ ಮನೆಯವರು ಬೇಡ ಅಂದ ಹೆಣ್ಣು ಎಲ್ಲಿಗೆ ಹೋಗುತ್ತಾಳೆ? ಅದಕ್ಕೇ ನಾವು ಹೆಂಗಸರು ಆ ಗುಂಡಿಗೆ ತವರು ಅಂತ ಹೆಸರಿಟ್ಟೆವು. ಮುಚ್ಚಿದ ಮೇಲೆ ಅದರ ಮೇಲೆ ಹುಲ್ಲು ಬಂತು. ಊರಿನವರಿಗೆಲ್ಲ ಗೊತ್ತಿದ್ದ ಮಾತು, ನಿನಗೂ ಗೊತ್ತಿರುತ್ತದೆ ಅಂದುಕೊಂಡೆ. ನೀನು ಹಾಸ್ಟೆಲಿನಲ್ಲಿ ಇಂಗ್ಲಿಷು ಕಲಿಯುತ್ತಿದ್ದೆ ಅನ್ನುವುದು ಮರೆತೆ.

ಪಶ್ಚಿಮದ ಕೆಲಸ ಹಗುರವಾಯಿತು ಅಂತ ನೀನು ಬರೆದಾಗ, ಗುಂಡಿ ಸಿಕ್ಕಿತು, ತೆಗೆಯುತ್ತಿದ್ದಾರೆ ಅಂದುಕೊಂಡು ಖುಷಿಪಟ್ಟೆ. ಮಾರ್ಚಿನಲ್ಲಿ ನೀನು ಕಳಿಸಿದ ಪುಟ ಓದಿದಾಗ ತಿಳಿಯಿತು. ಕಣ್ಣು ಕಾಣದೆ ಅಲ್ಲ ನಾನು ಸಹಿ ಮಾಡದೆ ಉಳಿದದ್ದು. ಆ ಪುಟ ಎರಡು ತಿಂಗಳು ಸೋಫಾದ ದಿಂಬಿನ ಕೆಳಗಿತ್ತು, ನಾನು ಅದರ ಮೇಲೆ ಮಲಗಿದ್ದೆ. ನಾನೇನು ಸುಳ್ಳು ಬರೆದೆನೇ? ಇಲ್ಲ. ನೀನು ತಪ್ಪು ಓದಿದೆ, ನಾನು ತಿದ್ದಲಿಲ್ಲ, ಅಷ್ಟೇ. ಅಷ್ಟೇ, ಅಷ್ಟೇ ಅಂತ ದಿನಾ ನನಗೆ ನಾನೇ ಹೇಳಿಕೊಂಡೆ. ನೆಲದಡಿಯಲ್ಲಿ ಇದ್ದದ್ದು ಇರಲಿ, ಮೇಲೆ ನನ್ನ ಒಂದು ಬಾಗಿಲು ಇರಲಿ, ನನಗೆ ಇನ್ನೆಷ್ಟು ವರ್ಷ?

ಆಮೇಲೆ ನೀನು ಆ ಮಗುವಿನ ಅಡುಗೆಯ ಬಗ್ಗೆ ಬರೆದೆ. ಉಪ್ಪು ಸರಿಯಾಗಿದೆ ಅಂದಳಂತೆ.

ಹೋದ ವಾರ ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದಾಗ ಕಿಟಕಿಯ ಪರದೆ ನೀಲಿಯಾಗಿತ್ತು. ಇಷ್ಟು ವರ್ಷ ಅದನ್ನು ಹಸಿರು ಅಂದುಕೊಂಡು ಒಗೆದಿದ್ದೇನೆ. ಎಡಗಣ್ಣು ಇನ್ನೂ ಚಹಾದಲ್ಲೇ ಇದೆ. ಒಂದು ಮುಚ್ಚಿ ಒಂದು ತೆರೆದು ಇದೇ ಹಾಲನ್ನು ಎರಡು ಥರ ನೋಡುತ್ತ ಕೂತಿದ್ದೆ. ಕೂತು ಕೂತು ಈ ಕಾಗದ ಬರೆಯಲು ಎದ್ದೆ.

ಡ್ರಮ್ಮು ತಳ್ಳಿದವನು ಗಾಡಿಯಣ್ಣ, ಆದರೆ ಕೂಗಿದವಳು ನಾನು. ಅವನನ್ನು ದೂರಬೇಡ.

ಅತ್ತೆ


ಮೇ ೧೪

ಅತ್ತೆ,

ಪತ್ರ ಸಿಕ್ಕಿತು. ಮೊದಲು ಆ ಹುಡುಗಿಯರ ಮನೆಗಳಿಗೆ ಹೋಗಿ ಅಲ್ಲಿ ಆಡಬೇಡಿ ಎಂದು ಹೇಳಿಬಂದೆ. ಪಶ್ಚಿಮಕ್ಕೆ ಬೇಲಿ ಹಾಕಿಸಿದೆ. ಆಮೇಲೆ ಕೂತೆ.

ನಿಮ್ಮ ಮೇಲೆ ನನಗೆ ಕೋಪ ಬಂದಿದೆ. ಅದನ್ನು ಬರೆಯದಿದ್ದರೆ ನಾನೂ ದಿಂಬಿನ ಕೆಳಗೆ ಏನನ್ನೋ ಇಟ್ಟ ಹಾಗಾಗುತ್ತದೆ. ಆದರೆ ಆ ಕೋಪವನ್ನು ಎಷ್ಟು ದೂರ ಹಿಡಿದುಕೊಂಡು ಹೋದರೂ ಅದು ತಿರುಗಿ ನನ್ನ ಮೇಜಿಗೇ ಬರುತ್ತದೆ. ಒಂದು ಮಾತು ನನಗೆ ತಿಳಿಯಲಿಲ್ಲ, ತಿಳಿಯಿತು ಎಂದುಕೊಂಡೆ. ಇಂಗ್ಲಿಷಿನಲ್ಲಿ ದೊಡ್ಡ ಕಂಪನಿಯನ್ನು ಚಿಕ್ಕದರ ತಾಯಿ ಎನ್ನುತ್ತಾರೆ. ನೀವು ತವರು ಎಂದಾಗ ನಾನು ಅದನ್ನೇ ಓದಿದೆ. ಮದುವೆಯಾಗದವಳಿಗೆ ತವರು ಎಂಬ ಮಾತು ಬೇಕಾಗುವುದೇ ಇಲ್ಲ, ಅದನ್ನು ಯಾವತ್ತೂ ಬಳಸಿ ನೋಡಿರಲಿಲ್ಲ ನಾನು. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಮಾತು ಸುಂದರವಾಗಿತ್ತು, ಹಾಗಾಗಿ ಕೇಳಲಿಲ್ಲ.

ಮ್ಯಾನೇಜರಿಗೆ ಹೇಳಿದೆ. ಕಾಗದದ ಮಾತು ಸಾಲದು, ಜಾಗ ತೋರಿಸಬೇಕು ಎನ್ನುತ್ತಾರೆ. ಗಾಡಿಯಣ್ಣನನ್ನು ಕೇಳಿದರೆ ಎದ್ದು ಹೋದರು. ನೀವು ಬರಲಾದೀತೇ? ಗುಂಡಿ ಸಿಕ್ಕರೆ ಹನ್ನೆರಡು ಮನೆಗಳೂ ನಿಲ್ಲುತ್ತವೆ, ಏಳನೆಯದೂ. ಅದು ಗೊತ್ತಿದ್ದೇ ಬನ್ನಿ.

ಗುಬ್ಬಿ


ಜೂನ್ ೩

ಪ್ರೀತಿಯ ಅತ್ತೆ,

ನೀವು ಬಂದು ಗೂಟ ನೆಟ್ಟು ರೈಲು ಹತ್ತಿದ ಮೇಲೆ ಏನಾಯಿತೆಂದು ಕ್ರಮವಾಗಿ ಬರೆಯುತ್ತೇನೆ.

ಅವತ್ತು ಬೇಲಿಯ ಆಚೆ ನಿಂತಿದ್ದವರಲ್ಲಿ ಒಬ್ಬಳು, "ಕಿಟಕಿಯಮ್ಮ, ನಿಂಗೆ ಮಗಳ ಮನೆ ಐತೆ, ನಮಗೇನೈತೆ?" ಎಂದು ಕೂಗಿದಳು. ನಿಮಗೆ ಕೇಳಿಸಲಿಲ್ಲ ಎಂದುಕೊಂಡಿದ್ದೆ. ರೈಲಿನ ಕಿಟಕಿಯಲ್ಲಿ ನಿಮ್ಮ ಮುಖ ನೋಡಿದಾಗ ಕೇಳಿಸಿದೆ ಎಂದು ತಿಳಿಯಿತು.

ಮಾರನೆಯ ದಿನ ನಿಮ್ಮ ಗೂಟ ಇದ್ದಲ್ಲಿ ನಾಲ್ಕು ಮೀಟರ್ ಕೊರೆದೆವು. ಏನೂ ಇಲ್ಲ. ತಿಳಿ ಹಳದಿ ಮಣ್ಣು, ಕೆಳಗಿನವರೆಗೂ. ಸುತ್ತ ಇನ್ನೂ ಮೂರು ಕಡೆ ಕೊರೆದೆವು, ಅಲ್ಲೂ ಅದೇ. ಮ್ಯಾನೇಜರ್ ನಕ್ಕು, "ವಯಸ್ಸಾದವರ ನೆನಪು ಅಲ್ವಾ ಮೇಡಂ, ಬಿಡಿ. ಸಹಿ ಹಾಕಿ ಮುಗಿಸೋಣ" ಎಂದರು. ನಿಮಗೆ ನಿಜ ಹೇಳುತ್ತೇನೆ. ನನಗೆ ಸಮಾಧಾನವಾಯಿತು. ಅತ್ತೆಯ ಮನೆ ಉಳಿಯಿತು, ನನ್ನ ರಿಪೋರ್ಟೂ ಉಳಿಯಿತು, ಯಾರೂ ತಪ್ಪು ಮಾಡಿಲ್ಲ. ಗುಂಡಿ ನಿಮ್ಮ ಕನಸಿನದೇ ಇರಬೇಕು ಎಂದುಕೊಂಡು ಪೆನ್ನನ್ನು ಜೇಬಿನಿಂದ ತೆಗೆದೂ ಇದ್ದೆ. ಕೊರೆಯುವ ಯಂತ್ರವನ್ನು ಲಾರಿಗೆ ಏರಿಸುತ್ತಿದ್ದರು.

ಆಗ ಗಾಡಿಯಣ್ಣ ಬೇಲಿ ದಾಟಿ ಬಂದರು.

"ಎಲ್ಲಿ ಕೊರೆದ್ರಿ?"

"ಅತ್ತೆ ತೋರಿಸಿದ ಕಡೆ."

"ಅವಳು ಕಿಟಕೀಲಿ ನೋಡ್ದೋಳು. ನಾನು ತಳ್ದೋನು." ಎಂದು ಬೈದ ಹಾಗೆ ಹೇಳಿದರು.

ಬಣ್ಣದ ಕೋಣೆ ಇದ್ದ ಜಾಗಕ್ಕೆ ಹೋಗಿ ನಿಂತರು. ಎರಡೂ ಕೈ ಮುಂದೆ ಚಾಚಿ, ಇಲ್ಲದ ಗಾಡಿಯ ಹಿಡಿಗಳನ್ನು ಹಿಡಿದರು. ಭಾರ ಎತ್ತುವವರ ಹಾಗೆ ಒಂದು ಸಲ ಉಸಿರು ಬಿಟ್ಟು ನಡೆಯತೊಡಗಿದರು. ನೆಲ ನೋಡಲಿಲ್ಲ. ಈಗ ಇಲ್ಲದ ಗೋಡೆಯ ಮೂಲೆಯಲ್ಲಿ ಗಾಡಿ ತಗಲದಂತೆ ಸುತ್ತಿ ತಿರುಗಿದರು. ಈಗ ಸಮತಟ್ಟಾಗಿರುವ ಒಂದು ಕಡೆ ಇಳಿಜಾರಿನಲ್ಲಿ ಹಿಂದಕ್ಕೆ ಜಗ್ಗುವವರ ಹಾಗೆ ಮೈ ಹಿಂದೆ ಮಾಡಿದರು. ನಾವೆಲ್ಲ ಹಿಂದೆ ಹೋದೆವು. ಮಧ್ಯಾಹ್ನದ ಬಿಸಿಲಿನಲ್ಲಿ 'ಕರ್ ಕರ್' ಎಂದು ಗಾಡಿಯ ಚಕ್ರದ ಸದ್ದು ನನಗೆ ಕೇಳಿಸಿತು ಎಂದರೆ ನೀವು ನಂಬುತ್ತೀರಿ, ಬೇರೆ ಯಾರಿಗೂ ಹೇಳಿಲ್ಲ. ನಿಮ್ಮ ಗೂಟ ದಾಟಿ ಹದಿನಾಲ್ಕು ಹೆಜ್ಜೆ ನಡೆದು ನಿಂತರು. ಎರಡೂ ಕೈಗಳನ್ನು ಮೇಲೆತ್ತಿ ಸುರಿದರು.

"ಇಲ್ಲಿ."

ಅದು ಎಂಟನೇ ನಂಬರಿನ ಅಡುಗೆಮನೆ. ಅವರದೇ.

ಯಂತ್ರ ಇಳಿಸಿದೆವು. ಎರಡು ಮೀಟರ್ ದಾಟಿದ ಮೇಲೆ ಕೊಳವೆ ತೆರೆದರೆ ಕೆಂಪು. ಇಪ್ಪತ್ತೆರಡು ವರ್ಷದ ಮೇಲೂ ಒದ್ದೆ. ಅದು ಎಂಥ ವಿಷ ಎಂದು ಗೊತ್ತಿದ್ದ ನಾನೇ ಒಂದು ಹೆಜ್ಜೆ ಹತ್ತಿರ ಹೋದೆ. ಗಾಡಿಯಣ್ಣ ಬಗ್ಗಿ ನೋಡಿ, "ಚೆನ್ನಾಗೇ ಐತಲ್ಲ! ಕಿಟಕಿಯಮ್ಮ ಇದನ್ನ್ಯಾಕೆ ಬೇಡ ಅಂದ್ಲು?" ಎಂದರು. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕೂತು ತುಂಬ ಹೊತ್ತು ಏಳಲಿಲ್ಲ.

ನಾನು ಸಹಿ ಹಾಕುವುದಿಲ್ಲ. ರಿಪೋರ್ಟನ್ನು ಹಿಂದೆ ತೆಗೆದುಕೊಂಡಿದ್ದೇನೆ, ನನ್ನ ತಪ್ಪು ಎಂದೇ ಬರೆದಿದ್ದೇನೆ. ಗುಂಡಿ ತೆಗೆದು, ಕೆಳಗಿನ ನೀರು ತಿಳಿಯಾಗುವವರೆಗೆ ಕಾದು, ಮನೆ ಕಟ್ಟಲು ನಾಲ್ಕು ವರ್ಷ ಬೇಕು. ಈಗಿನ ಹಂಚಿಕೆ ರದ್ದಾಯಿತು. ಆದರೆ ಮನೆಗಳು ಹಳೆಯ ಕೆಲಸಗಾರರಿಗೇ ಎಂದು ಕಚೇರಿಯವರಿಂದ ಬರೆಸಿಕೊಂಡಿದ್ದೇವೆ. ಹೊಸ ಅರ್ಜಿ ಹಾಕಬೇಕು, ನಮೂನೆ ಇದರ ಜೊತೆ ಇದೆ.

ನೀವು ಬಾಗಿಲ ಬಗ್ಗೆ ಬರೆದದ್ದು ನನಗೆ ನೆನಪಿದೆ. ಅದಕ್ಕೆ ಏನು ಹೇಳಬೇಕೆಂದು ಗೊತ್ತಿಲ್ಲ.

ಗುಬ್ಬಿ


ಜೂನ್ ೧೨

ಗುಬ್ಬಿ,

ಏನೂ ಹೇಳಬೇಡ. ಅಳುವುದನ್ನು ಮೊನ್ನೆಯೇ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಮುಗಿಸಿದೆ. ನೀರು ಹಾಳು ಮಾಡ್ತೀಯಾ ಅಂತ ನಿನ್ನತ್ತಿಗೆ ಬಾಗಿಲು ತಟ್ಟಿದಳು. ಹೊರಗೆ ಬಂದಾಗ ಅವಳ ಕಣ್ಣೂ ಸರಿಯಿರಲಿಲ್ಲ.

ಆ ಕೆಂಪಿನಲ್ಲಿ ಒಂದು ಎಳೆ ಹಳದಿ ಹೆಚ್ಚಾಗಿತ್ತು, ಅದಕ್ಕೇ ಬೇಡ ಅಂದೆ. ಗಾಡಿಯಣ್ಣನಿಗೆ ಹೇಳು. ಹದಿನಾಲ್ಕು ಹೆಜ್ಜೆ ನಾನು ತಪ್ಪಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿರುತ್ತಾನೆ, ತಿರುಗಲಿ.

ಆ ಪುಟ್ಟ ಹುಡುಗಿಯನ್ನು ಡಾಕ್ಟರಿಗೆ ತೋರಿಸಿದಿರಾ? ಅದನ್ನು ನೀನು ಬರೆದೇ ಇಲ್ಲ. ತಕ್ಷಣ ಬರೆ.

ಅರ್ಜಿಯನ್ನು ತುಂಬಿದ್ದೇನೆ. ಈ ಸಲ ಕನ್ನಡಕವೂ ಬೇಕಾಗಲಿಲ್ಲ. ಒಂದು ಕಡೆ ಮಾತ್ರ ಖಾಲಿ ಬಿಟ್ಟಿದ್ದೇನೆ. ನನಗೀಗ ಎಪ್ಪತ್ತೊಂದು, ಮನೆ ಸಿಗುವಾಗ ಎಪ್ಪತ್ತೈದು. ವಯಸ್ಸು ಅಂತ ಇರುವ ಜಾಗದಲ್ಲಿ ಅವರಿಗೆ ಬೇಕಾಗಿರುವುದು ಯಾವುದು? ಕೇಳಿ ತಿಳಿಸು, ನನ್ನ ಕೈಯಲ್ಲೇ ತುಂಬುತ್ತೇನೆ.

ಅತ್ತೆ